ಎರಡನೆಯ ಎಲೆ

ಆಂಡಾಳ್ ತೀರಿಕೊಂಡು ಅಂದಿಗೆ ಒಂಬತ್ತು ದಿನ. ೧೯೬೯ರ ಆಷಾಢ. ಬೇಲೂರಿನಲ್ಲಿ ಬೆಳಗಿನಿಂದ ಬಿಡದ ಮಳೆ. ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ನಡುಮನೆಯ ಮೂಲೆಯಲ್ಲಿ ಮರಳು ಹಾಸಿ ನೆಟ್ಟಿದ್ದ ಕಲ್ಲಿನ ಮುಂದೆ ಎಣ್ಣೆಯ ಹಣತೆಯೊಂದೇ ಉರಿಯುತ್ತಿತ್ತು.

ನಮ್ಮಲ್ಲಿ ಸತ್ತವರ ಜೀವವನ್ನು ಹತ್ತು ದಿನ ಒಂದು ಕಲ್ಲಿನಲ್ಲಿ ಆವಾಹನೆ ಮಾಡುತ್ತೇವೆ. ಗೋತ್ರ ಹೇಳಿ, ಹೆಸರು ಹೇಳಿ, ಎಳ್ಳುನೀರು ಬಿಡುತ್ತೇವೆ. ಆ ಹತ್ತು ದಿನ ಜೀವಕ್ಕೆ ತಡೆಯಲಾರದ ಬಾಯಾರಿಕೆಯಂತೆ. ಹತ್ತನೆಯ ದಿನ ಕಲ್ಲನ್ನು ಹೊಳೆಗೆ ಬಿಟ್ಟು ಜೀವವನ್ನು ಕಳಿಸಿಕೊಡಬೇಕು. ಮಾರನೆಯ ಬೆಳಿಗ್ಗೆ ನಾನು ನನ್ನ ಹೆಂಡತಿಯನ್ನು ಯಗಚಿಯ ನೀರಿಗೆ ಬಿಡಬೇಕಾಗಿತ್ತು.

“ಈ ಕಲ್ಲು ಇನ್ನಷ್ಟು ದಿನ ಇಲ್ಲೇ ಇರಲಿ,” ಎಂದುಬಿಟ್ಟೆ.

ಪುರೋಹಿತರಾದ ಗೋಪಾಲಸ್ವಾಮಿಗಳು ತಲೆ ತಗ್ಗಿಸಿದರು. ಬಂದಿದ್ದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕಂಬಕ್ಕೊರಗಿ ಕೂತಿದ್ದ ಸುಂದರರಾಜ ಮಾವ ಕೆಮ್ಮಿದರು. ಅವರು ನನ್ನ ತಾಯಿಯ ತಮ್ಮ, ಅರಸೀಕೆರೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ಆ ಮಧ್ಯಾಹ್ನದ ಬಸ್ಸಿಗೆ ಬಂದಿದ್ದರು. ಹೋದ ಕಡೆಯೆಲ್ಲ ಒಂದು ಚೊಂಬು ನೀರು ತುಂಬಿಸಿ ಪಕ್ಕದಲ್ಲಿಟ್ಟುಕೊಳ್ಳುವುದು ಅವರ ಪದ್ಧತಿ.

“ಎಲ್ಲರೂ ಹತ್ತಿರ ಬನ್ನಿ,” ಎಂದರು. “ಒಂದು ವಿಷಯ ಹೇಳಬೇಕು.”

“ನಿಮ್ಮ ಸೈಕಲ್ ಪುರಾಣ ತಾನೆ ಮಾವ?” ಎಂದಳು ನನ್ನ ಅಕ್ಕ ಚೆಲುವಾಂಬ. “ಪಂಕ್ಚರ್ ಆದದ್ದನ್ನೆಲ್ಲ ಬಿಟ್ಟು ಹೇಳಿ. ಇಲ್ಲದಿದ್ರೆ ಬೆಳಗಾಗುತ್ತೆ.”

ಮಾವ ನಗಲಿಲ್ಲ.

“ಅದೇ ಕಣೇ. ಆದರೆ ನೀವು ಕೇಳಿರೋದು ಅರ್ಧ... ಕೇಳೋ ಸಂಪತ್ತು, ಹತ್ತು ವರ್ಷದ ಹಿಂದಿನ ಮಾತು. ನಿಮ್ಮತ್ತೆ ಗೋದಾ ಮಾಘದಲ್ಲಿ ಹೋದಳು. ಅವಳು ಹಳೇಬೀಡಿನ ಹುಡುಗಿ ಅಲ್ವೇ? ಗುಡಿಯ ಗೋಡೆ ಬುಡದಲ್ಲಿ ಸಾಲಾಗಿ ನಡೀತಿವೆಯಲ್ಲ ಕಲ್ಲಾನೆಗಳು, ಅವುಗಳ ಸೊಂಡಿಲು ಮುಟ್ಟಿ ಮುಟ್ಟಿ ಬೆಳೆದವಳು. ‘ಈ ಕಲ್ಲಿನವು ಸಾಕು ರೀ, ಉಸಿರಾಡೋ ಆನೆಗಳು ಹೀಗೇ ಸಾಲಾಗಿ ಬರೋದನ್ನ ಒಂದ್ಸಲ ತೋರಿಸಿ’ ಅನ್ನೋಳು. ಬೇಸಿಗೆ ರಜ ಬರಲಿ ಅಂತಿದ್ದೆ. ಎಷ್ಟು ರಜ ಬಂತು, ಎಷ್ಟು ಹೋಯ್ತು... ಹತ್ತನೇ ದಿನ ಕೆರೆ ದಡದಲ್ಲಿ ನಾನು ಏನು ಮಾಡಿದೆ ಗೊತ್ತೇ? ಕಾಲಡಿ ಬಿದ್ದಿದ್ದ ಇನ್ನೊಂದು ಕಲ್ಲನ್ನ ನೀರಿಗೆ ಹಾಕಿದೆ. ಅವಳದು ನನ್ನ ಸೊಂಟದ ಪಂಚೆಯಲ್ಲಿತ್ತು.”

ಗೋಪಾಲಸ್ವಾಮಿಗಳು ಕಣ್ಣು ಮುಚ್ಚಿದರು. ಮಾವ ಅವರ ಕಡೆ ನೋಡದೆ ಮುಂದುವರಿಸಿದರು.

“ಏಪ್ರಿಲ್ಲಿನಲ್ಲಿ ಸ್ಕೂಲು ಮುಚ್ಚಿತು. ಸ್ಕೌಟ್ ಹುಡುಗರ ಡೇರೆ, ಒಂದು ಪಾತ್ರೆ, ಅಕ್ಕಿ, ಬೇಳೆ, ಈ ಚೊಂಬು... ಎಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ. ಮೊದಲು ಚಿಕ್ಕಮಗಳೂರಿನಾಚೆ ಜಾಗರ ಕಣಿವೆ, ಆಮೇಲೆ ನಾಗರಹೊಳೆ, ಕೊನೆಗೆ ಬಂಡೀಪುರ. ಮೇಷ್ಟ್ರು ಒಬ್ಬರೇ ಕಾಡು ನೋಡೋಕೆ ಹೊರಟರು ಅಂತ ಊರೆಲ್ಲ ನಕ್ಕಿತು. ಒಬ್ಬನೇ ಎಲ್ಲಿ? ಕಲ್ಲು ಜೊತೆಗಿತ್ತಲ್ಲ.

“ಜಾಗರದಲ್ಲಿ ಮೊದಲ ಸಂಜೆ ಡೇರೆ ಹೊಡೆದು, ಮೂರು ಕಲ್ಲು ಹೂಡಿ ಅಡುಗೆ ಮಾಡಿದೆ. ಎರಡು ಮುತ್ತುಗದ ಎಲೆ ಹಾಕಿದೆ. ಎರಡನೆಯದರ ಪಕ್ಕ ಚೊಂಬು ತುಂಬ ನೀರು. ಆಮೇಲೆ ಅವಳನ್ನ ಕರೀಬೇಕಲ್ಲ? ನಮ್ಮ ಕಾಲದಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರ, ಪುರೋಹಿತರು ಹೇಳಿಸಿದ್ದು ಬಿಟ್ಟರೆ ಅವಳ ಹೆಸರು ನನ್ನ ಬಾಯಲ್ಲಿ ಬಂದಿದ್ದಿಲ್ಲ. ‘ಏನೇ’, ‘ಬಾರೇ’, ಅಷ್ಟೇ. ಹಾಗೇ ಕಾಡಿನ ಕಡೆ ಮುಖ ಮಾಡಿ, ‘ಬಾರೇ, ಎಲೆ ಹಾಕಿದೀನಿ’ ಅಂದೆ... ಬೆಳಿಗ್ಗೆ ಎದ್ದು ನೋಡ್ತೀನಿ, ಅನ್ನ ಹಾಗೇ ಇದೆ. ಚೊಂಬು ಉರುಳಿಲ್ಲ, ನೆಲ ಒದ್ದೆಯಿಲ್ಲ, ಒಳಗೆ ಮಾತ್ರ ಒಂದು ಹನಿ ನೀರಿಲ್ಲ.

“ನನಗಾದ ಸಂತೋಷ ಹೇಗೆ ಹೇಳಲಿ? ಕೂತು ಅತ್ತುಬಿಟ್ಟೆ. ದಿನಾ ಹಾಗೇ ಆಯ್ತು. ನಾಗರಹೊಳೆಯಲ್ಲಂತೂ ಗೋಧೂಳಿ ಹೊತ್ತಿನಲ್ಲಿ ನನ್ನ ಕಣ್ಣೆದುರಿಗೇ ನೀರು ಇಳೀತು, ಗುಟುಕು ಗುಟುಕಾಗಿ... ಒಂದು ಮಾತ್ರ ನೋಡಿದ್ದೆ, ನೋಡಿಯೂ ನೋಡದ ಹಾಗಿದ್ದೆ. ಚೊಂಬಿನ ಅಂಚಿನಲ್ಲಿ ತುಟಿ ಇಟ್ಟ ಗುರುತು. ಗೋದಾ ಎಂದಾದರೂ ಕಚ್ಚಿ ಕುಡಿದವಳೇ? ಎತ್ತಿ ಕುಡಿಯೋದು ಬಿಟ್ಟು, ಜ್ವರದಲ್ಲೂ ಲೋಟ ತುಟಿಗೆ ತಾಗಿಸಿದವಳಲ್ಲ. ಪಾಪ, ಬಾಯಾರಿಕೆಗೆ ಮಡಿಯನ್ನೇ ಬಿಟ್ಟಿದ್ದಾಳೆ ಅಂದುಕೊಂಡೆ. ಮನಸ್ಸು ಬೇಕಾದದ್ದನ್ನ ನಂಬುತ್ತೆ ನೋಡು.

“ಬಂಡೀಪುರದಲ್ಲಿ ಕರಿಯಪ್ಪ ಅಂತ ಒಬ್ಬ ಫಾರೆಸ್ಟ್ ಗಾರ್ಡು. ಕೆರೆ ಏರಿ ಕೆಳಗೆ ಡೇರೆಗೆ ಜಾಗ ತೋರಿಸಿದ. ನಾನು ಎಲೆ ಹಾಕಿ ಕರೆದದ್ದು ಕಂಡು ಬೀಡಿ ಕೆಳಗೆ ಹಾಕಿದ. ‘ಯಾರ್ನ ಕರುದ್ರಿ ಸೋಮಿ?’ ಅಂದ. ನನ್ನ ಮನೆಯವಳನ್ನ ಅಂದೆ. ‘ಹೆಸ್ರಿಡದು ಕರೀಬೇಕು ಕಣ್ ಸೋಮಿ. ಇಲ್ಲಿ ಬರೀ ಬಾ ಅಂದ್ರೆ ಯಾರ್ ಬತ್ತಾರೋ ಯಾರಿಗ್ ಗೊತ್ತು? ಕಾಡ್ನಾಗೆ ಹೆಸ್ರಿಲ್ದೆ ಸತ್ತೋರು ಎಷ್ಟ್ ಜನ ಅವ್ರೆ...’ ಅಂದು ಹಿಂದೆ ನೋಡದೆ ನಡೆದುಬಿಟ್ಟ. ನನಗೆ ಕೋಪ ಬಂತು. ನನ್ನ ಹೆಂಡತಿ ನನಗೆ ಗೊತ್ತಿಲ್ಲವೇ?

“ಮಾರನೇ ಸಂಜೆ ಹೊತ್ತು ಇಳೀತಿತ್ತು. ಕಲ್ಲನ್ನ ಬಿಳಿ ಪಂಚೆ ಮೇಲಿಟ್ಟು, ಹತ್ತು ಮಾರು ಆಚೆ ಮರದ ಬುಡದಲ್ಲಿ ಎಲೆ ಹಾಕಿದ್ದೆ. ಆಗ ಬಂದವು... ಏನಂತ ಹೇಳಲಿ? ಸದ್ದೇ ಇಲ್ಲ. ಬಿದಿರು ಮೆಳೆ ತಾನೇ ಬಾಗಿಲು ತೆರೆದ ಹಾಗೆ ತೆರೆಯಿತು, ಮುಂದೆ ಒಂದು ಮುದಿ ಹೆಣ್ಣಾನೆ, ಅದರ ಬಾಲಕ್ಕೆ ಸೊಂಡಿಲು ತಾಗಿಸಿ ಇನ್ನೊಂದು, ಅದರ ಹಿಂದೆ ಮತ್ತೊಂದು, ಬಿಸಿಲಿನ ಕೆಂಪು ಬೆನ್ನ ಮೇಲೆ ಬಿದ್ದು, ಹಳೇಬೀಡಿನ ಗೋಡೆಯೇ ಉಸಿರೆಳೆದುಕೊಂಡು ಎದ್ದು ಬಂದ ಹಾಗೆ, ಹದಿನೇಳು ಆನೆ, ಸಾಲು ತಪ್ಪದೆ! ನಾನು ಕೈ ಮುಗಿದು ನಿಂತೆ. ಮುದಿ ಆನೆ ಬಂದು ಆ ಕಲ್ಲಿನ ಮೇಲೆ ಸೊಂಡಿಲು ಇಳಿಸಿತು. ಬಾಣಂತಿ ಕೂಸಿನ ನೆತ್ತಿ ಮುಟ್ಟೋ ಹಾಗೆ ಮುಟ್ಟಿತು. ಆಮೇಲೆ ಒಂದೊಂದೂ ಮುಟ್ಟಿ ಮುಟ್ಟಿ ಮುಂದೆ ಹೋದವು. ಅವಳು ಚಿಕ್ಕಂದಿನಲ್ಲಿ ಅವನ್ನ ಮುಟ್ಟಿದ್ದಳಲ್ಲ, ಅದನ್ನ ತಿರುಗಿ ಕೊಟ್ಟ ಹಾಗೆ... ಗೋದಾ ಅಲ್ಲಿದ್ದಳು ಕಣೋ. ಆ ಕಲ್ಲಿನಲ್ಲೇ ಇದ್ದಳು.

“ಆದರೆ ಎರಡನೇ ಎಲೆ ಹತ್ತಿರ ಬಂದಾಗ ಸಾಲು ನಿಂತಿತು. ಮರಿಗಳನ್ನ ಹೊಟ್ಟೆಯಡಿಗೆ ಎಳಕೊಂಡವು. ಎಲೆ ಮುಂದಿನ ಆ ಬರೀ ಜಾಗವನ್ನ ದೂರದಿಂದ ಬಳಸಿಕೊಂಡು ಕೆರೆಗೆ ಇಳಿದವು.”

ಸೂರಿನಿಂದ ನೀರು ಸುರಿಯುವ ಸದ್ದೊಂದೇ ಇತ್ತು. ಚೆಲುವಾಂಬ ನನ್ನ ಪಕ್ಕಕ್ಕೆ ಸರಿದು ಕೂತಳು.

“ಆಗ ಗೊತ್ತಾಯ್ತು. ನಾನು ಮೂರು ತಿಂಗಳು ಕಲ್ಲಿನಲ್ಲಿ ಕೂಡಿಹಾಕಿ, ಕಾಡಿಗೂ ಕರೆತಂದು, ಆ ಹತ್ತನೇ ದಿನದಿಂದೀಚೆಗೆ ಅವಳಿಗೆ ಒಂದು ಹನಿ ನೀರನ್ನೂ ಮುಟ್ಟಿಸಿರಲಿಲ್ಲ. ಅಷ್ಟೂ ದಿನ ಬೇರೆ ಯಾರೋ ಕುಡಿದಿದ್ದರು. ಕೆರೆಗೆ ಇಳಿದೆ. ‘ಭಾರದ್ವಾಜ ಗೋತ್ರದ ಗೋದಾ’ ಅಂತ ಗಟ್ಟಿಯಾಗಿ ಕೂಗಿದೆ. ‘ಗೋದಾ, ತಪ್ಪಾಯ್ತು. ಕುಡಿ, ಹೊರಡು’ ಅಂದು ಎದೆಮಟ್ಟದ ನೀರಲ್ಲಿ ಕಲ್ಲು ಬಿಟ್ಟೆ. ಆನೆಗಳೆಲ್ಲ ನೀರು ಕುಡಿಯೋದು ನಿಲ್ಲಿಸಿ ನಿಂತಿದ್ದವು... ಅವಳು ಹೋದಳು. ಅದರಲ್ಲಿ ನನಗೆ ಅನುಮಾನವಿಲ್ಲ. ಪೆರುಮಾಳು ಅವಳನ್ನ ಕೈಹಿಡಿದ.

“ದಡ ಹತ್ತಿ ಬಂದೆ. ಚೊಂಬು ಬರಿದಾಗಿತ್ತು. ಅಂಚಿನಲ್ಲಿ ತುಟಿಯ ಗುರುತು, ಇನ್ನೂ ಒದ್ದೆ.”

“ಬಂದದ್ದು ಯಾರು ಮಾವ?” ಎಂದೆ.

“ನಾನು ಹೆಸರು ಹೇಳದೆ ಕರೆದದ್ದು. ಅದಕ್ಕೆ ಹೆಸರು ಎಲ್ಲಿಂದ ತರಲಿ? ಹೆಸರಿಲ್ಲದೆ ಹೇಗೆ ಕಳಿಸಲಿ? ವಾಪಸು ಬರೋವಾಗ ಇಳಿಜಾರಿನಲ್ಲೂ ಸೈಕಲ್ ತುಳಿಯೋಕೆ ಭಾರ. ಅರಸೀಕೆರೆ ಗೇಟಿನ ಹತ್ತಿರ ಪೋಲೀಸಿನವನು ಕೈ ಅಡ್ಡ ಮಾಡಿ, ‘ಏನ್ ಮೇಷ್ಟ್ರೇ, ನೀವೂ ಡಬಲ್ ರೈಡಿಂಗಾ? ಇಳೀರಿ ಇಬ್ರೂ’ ಅಂದ. ಹತ್ತಿರ ಬಂದು ಕ್ಯಾರಿಯರ್ ನೋಡಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.”

ನಾನು ಮೂಲೆಯ ಕಲ್ಲಿನ ಕಡೆ ನೋಡಿದೆ. ಹಣತೆಯ ಬೆಳಕಿನಲ್ಲಿ ಅದು ಒಣಗಿದ ಹಾಗೆ ಕಂಡಿತು. ಎದ್ದುಹೋಗಿ, ಆಂಡಾಳ್ ಎಂದು ಹೆಸರು ಹಿಡಿದು, ಒಂದು ಉದ್ಧರಣೆ ನೀರು ಬಿಟ್ಟೆ. ಪುರೋಹಿತರು ಹೇಳಿಸದೆ ಆ ಹೆಸರನ್ನು ಹಾಗೆ ಬಾಯಿ ತುಂಬ ಕರೆದದ್ದು ನಾನೂ ಅಂದೇ ಮೊದಲು.

“ನಾಳೆ ಎಷ್ಟು ಹೊತ್ತಿಗೆ ಹೊಳೆಗೆ ಹೋಗಬೇಕು?” ಎಂದು ಗೋಪಾಲಸ್ವಾಮಿಗಳನ್ನು ಕೇಳಿದೆ.

“ಏಳು ಗಂಟೆಗೆ ಹೊರಡೋಣ,” ಎಂದರು ಅವರು. ಅವರ ಕಣ್ಣು ತುಂಬಿತ್ತು.

ಸುಂದರರಾಜ ಮಾವ ಹಗುರಾಗಿ ಉಸಿರುಬಿಟ್ಟರು. ಪಕ್ಕದಲ್ಲಿದ್ದ ಚೊಂಬನ್ನು ಎತ್ತಿ ಬೋರಲು ಮಾಡಿದರು. ಒಂದು ಹನಿಯೂ ಬೀಳಲಿಲ್ಲ. ಕತೆ ಶುರುವಾದಾಗ ಅದು ತುಂಬಿತ್ತು. ಅವರು ಒಂದು ಗುಟುಕನ್ನೂ ಕುಡಿದದ್ದನ್ನು ನಾವು ಯಾರೂ ನೋಡಿರಲಿಲ್ಲ.

“ಚೆಲುವೂ,” ಎಂದರು ಮೆಲ್ಲಗೆ, “ಇದನ್ನ ತುಂಬಿಸಿಕೊಂಡು ಬಾಮ್ಮ. ಮತ್ತೆ ಬರುವಾಗ ಆ ಕಡೆಯಿಂದ ಬಳಸಿಕೊಂಡು ಬಾ... ನನ್ನ ಎಡಗಡೆ ಜಾಗ ಇಲ್ಲ.”