ಬೆರಳಲ್ಲುಳಿದ ಕಾಡಿಗೆ

ಹಳೇಬೀಡಿನಲ್ಲಿ ಮನೆ ಕಟ್ಟುವವರಿಗೆ ಎರಡು ಹೆದರಿಕೆ. ಪಾಯ ತೋಡುವಾಗ ಬಂಡೆ ಸಿಕ್ಕೀತು ಎಂಬುದು ಚಿಕ್ಕದು, ಕೆತ್ತಿದ ಕಲ್ಲು ಸಿಕ್ಕೀತು ಎಂಬುದು ದೊಡ್ಡದು. ಬಂಡೆಯಾದರೆ ಒಡೆದು ಎತ್ತಬಹುದು. ಕೆತ್ತಿದ ಕಲ್ಲಾದರೆ ಪುರಾತತ್ವ ಇಲಾಖೆಗೆ ತಿಳಿಸಬೇಕು, ತಿಳಿಸಿದರೆ ಕೆಲಸ ನಿಲ್ಲಿಸಬೇಕು, ನಿಂತ ಕೆಲಸ ಮತ್ತೆ ಯಾವ ಕಾಲಕ್ಕೆ ಶುರುವಾದೀತೋ ಆ ಕಲ್ಲಿಗೂ ಗೊತ್ತಿಲ್ಲ. ರಾಜರು ಹೋಗಿ ಏಳುನೂರು ವರ್ಷವಾದರೂ ಈ ಊರಿನ ನೆಲದೊಳಗೆ ಇನ್ನೂ ಅವರದೇ ಕಾರುಬಾರು.

ಜಾವಗಲ್ ರಸ್ತೆಯ ಪಕ್ಕ ಯಶೋಧರಾಳ ಸೈಟಿನಲ್ಲಿ ಅಂದು ಬೆಳಿಗ್ಗೆ ಹತ್ತು ಗಂಟೆಗೆ ಸಿಕ್ಕಿದ್ದು ದೊಡ್ಡ ಹೆದರಿಕೆಯೇ. ಅವಳು ಜಾವಗಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಗಂಡ ರವಿಕುಮಾರ್ ಬಾಣಾವರದ ಕಾಲೇಜಿನಲ್ಲಿ ಮೇಷ್ಟ್ರು. ಹನ್ನೊಂದು ವರ್ಷದಲ್ಲಿ ಐದು ಬಾಡಿಗೆ ಮನೆ ಕಂಡಿದ್ದರು. ಮನೆ ತೋರಿಸುವವರು ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಊರು, ಆಮೇಲೆ ಊರಿನಲ್ಲಿ ಯಾವ ಕಡೆ ಎಂದು. ಸಾಮಾನು ಇಳಿಸುವಾಗ ಬುದ್ಧನ ಪಟ ಕಣ್ಣಿಗೆ ಬಿದ್ದರೆ ಮುಗಿಯಿತು, ಮೂರೇ ತಿಂಗಳಿಗೆ ಮನೆಯವರ ಮಗಳೋ ಅಳಿಯನೋ ವಾಪಸು ಬರುವವರಿದ್ದರು. ಯಾರೂ ಏನೂ ಕೇಳದ ಒಂದು ಬಾಗಿಲು ಬೇಕು ಎಂದು ಅವಳು ಹಟ ಹಿಡಿದೇ ಈ ಸೈಟು ಕೊಂಡಿದ್ದಳು.

ಗುಂಡಿಯಿಂದ ಎತ್ತಿ ಮಗ್ಗುಲಿಗಿಟ್ಟ ಕಲ್ಲನ್ನು ನೋಡಿ ಮೇಸ್ತ್ರಿ ಜವರಪ್ಪ ತಲೆ ಕೆರೆದುಕೊಂಡಿದ್ದ. ಬಳಪದ ಕಲ್ಲಿನಲ್ಲಿ ಕಡೆದ ಒಂದು ಹೆಣ್ಣಿನ ಮುಖ, ಕತ್ತು, ಒಂದು ಭುಜ. ತುಟಿ, ಮೂಗು, ಹಣೆಯ ಮೇಲೆ ಜಾರಿದ ಕೂದಲು, ತಲೆಯ ಮೇಲಿನ ಸುರುಳಿ, ಎಲ್ಲ ಸರಿಯಾಗಿತ್ತು. ಕಣ್ಣಿರಬೇಕಾದ ಕಡೆ ಮಾತ್ರ ನುಣ್ಣಗೆ ಉಬ್ಬಿದ ಎರಡು ಗುಳಿಗೆಯಂಥ ಕಲ್ಲು.

"ಇಲ್ಲಿರೋರು ಬಾಯಿ ಮುಚ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ ಸಾರ್. ಅದೇ ಗುಂಡಿಗೆ ಬೋರಲು ಮಗುಚಿ ಮ್ಯಾಲೆ ಕಾಂಕ್ರೀಟ್ ಸುರ್ದ್‌ಬಿಡಾಣ" ಎಂದಿದ್ದ ಜವರಪ್ಪ. ರವಿಕುಮಾರ್ ಹೆಂಡತಿಯ ಮುಖ ನೋಡಿದ್ದ. ಅವಳು ಹೂಂ ಎಂದಿದ್ದಳು.

ಆದರೆ ಎಲ್ಲರೂ ತಿಂಡಿಗೆ ಹೋದ ಮೇಲೆ ಅವಳಿಗೆ ಸಂಕಟವಾಯಿತು. ಇಂಥ ಚೆಲುವೆಯನ್ನು ಕುರುಡಾಗಿಯೇ ಮತ್ತೆ ಮಣ್ಣಿಗೆ ಹಾಕುವುದೇ? ವ್ಯಾನಿಟಿ ಬ್ಯಾಗಿನಿಂದ ಕಾಜಲ್ ಪೆನ್ಸಿಲ್ ತೆಗೆದು, ನಗುತ್ತ, ಆ ಉಬ್ಬಿನ ಮೇಲೆ ಎರಡು ಕಣ್ಣು ಬರೆದಳು. "ಹೋಗೋ ಮುಂಚೆ ಒಂದ್ಸಲ ನೋಡ್ಕೊಂಡು ಹೋಗೇ" ಎಂದಳು. ಬರೆದ ಮೇಲೆ ಯಾಕೋ ನಾಚಿಕೆಯಾಗಿ ನೀಲಿ ಟಾರ್ಪಾಲು ಹೊದಿಸಿಬಿಟ್ಟಳು. ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಬೇಲೂರಿನಿಂದ ಆಟೋದಲ್ಲಿ ರವಿಕುಮಾರನ ಅಜ್ಜಿ ಗಿಡ್ಡಮ್ಮನನ್ನು ಕರೆತಂದರು, ಮೊದಲ ಬಾಂಡ್ಲಿ ಕಾಂಕ್ರೀಟನ್ನು ಮನೆಯ ಹಿರಿಯಳು ಮುಟ್ಟಿ ಕೊಡಲಿ ಎಂದು. ಗಿಡ್ಡಮ್ಮನಿಗೆ ಎಂಬತ್ತರ ಹತ್ತಿರ. ಪ್ರಾಯದಲ್ಲೇ ಕಣ್ಣು ಹೋದವಳು. ಮೊಮ್ಮಗನ ಮುಖವಿರಲಿ, ಮಗನ ಮುಖ ದೊಡ್ಡದಾದದ್ದನ್ನೂ ಕಂಡವಳಲ್ಲ. ಆ ಮಗನೂ ಹೋಗಿ ನಾಲ್ಕು ವರ್ಷವಾಗಿತ್ತು.

ಅಜ್ಜಿ ಬಂದಳು, ಹಿಂದೆಯೇ ಮಳೆಯೂ ಬಂತು. ಕರೆಂಟು ಹೋಯಿತು. ಕಾಂಕ್ರೀಟು ಹಾಕುವಂತಿಲ್ಲ, ಮನೆಗೆ ಹೋಗುವಂತಿಲ್ಲ. ಎಲ್ಲರೂ ಸಿಮೆಂಟಿನ ಚೀಲ ಪೇರಿಸಿದ್ದ ಶೀಟಿನ ಶೆಡ್ಡಿನೊಳಗೆ ಒತ್ತೊತ್ತಾಗಿ ಕೂತರು. ಜವರಪ್ಪ, ಮಣ್ಣು ಹೊರುವ ಇಬ್ಬರು ಹೆಂಗಸರು, ಗಂಡಹೆಂಡತಿ, ನಡುವೆ ಗಿಡ್ಡಮ್ಮ. ಯಶೋಧರಾಳ ಎಡಗಣ್ಣು ತಿಂಡಿಯ ಹೊತ್ತಿನಿಂದ ಮಂಜಾಗಿತ್ತು. ಸಿಮೆಂಟಿನ ಧೂಳು ಎಂದುಕೊಂಡು ಸೆರಗಿನಿಂದ ಉಜ್ಜಿಕೊಂಡಳು.

"ಗುಂಡೀಲಿ ಒಂದು ಮುಖ ಸಿಕ್ತಲ್ವಾ?" ಎಂದಳು ಗಿಡ್ಡಮ್ಮ, ಎಲೆಅಡಿಕೆಯ ಚೀಲ ಬಿಚ್ಚುತ್ತ. "ಕಣ್ಣಿಲ್ದಿರೋ ಮುಖ?"

ಯಾರೂ ಅವಳಿಗೆ ಹೇಳಿರಲಿಲ್ಲ. ಜವರಪ್ಪ ರವಿಕುಮಾರನನ್ನು ನೋಡಿದ, ರವಿಕುಮಾರ್ ಹೆಂಡತಿಯನ್ನು ನೋಡಿದ.

"ಹೆಂಗ್ ಗೊತ್ತಾಯ್ತು ಅಂತ ಆಮ್ಯಾಕೆ ಕೇಳೀರಂತೆ. ಮೊದ್ಲು ನನ್ ಮಾತು ಕೇಳ್ರಪ್ಪ. ಮಳೆ ಈಗ್ಲೇ ಬಿಡಂಗಿಲ್ಲ..." ಎಂದು ಮುದುಕಿ ಎಲೆಗೆ ಸುಣ್ಣ ಸವರಿದಳು.

"ಆಗ ನಂಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಈ ರವಿ ಅವ್ನಲ್ಲ, ಇವರಪ್ಪ ಆರು ತಿಂಗಳ ಕೂಸು. ಆಗ ನಾವು ಇದೇ ಊರಲ್ಲಿದ್ವಿ. ಕೆರೆ ಪಕ್ಕದ ದಿಬ್ಬ ಅಗೆಸ್ತಿದ್ರು, ಹಳೇ ಕಾಲದ್ದು ಹುಡುಕೋಕೆ. ಅಗಿಯೋರು ಗಂಡಸ್ರು, ಮಂಕರೀಲಿ ಮಣ್ಣು ಹೊರೋರು ನಾವು, ನಮ್ಮ ಕೇರಿ ಹೆಂಗಸ್ರು. ಒಂದಿನ ಈ ಮುಖ ಎದ್ದು ಬಂತು ನೋಡಿ... ಅಯ್ಯೋ, ಏನ್ ಹೇಳಲಿ, ರಾಜನ ಮಗಳ ಮುಖ ಅಲ್ಲ ಕಣ್ರವ್ವ ಅದು, ನಮ್ಮಂಥೋಳ್ದೇ! ತಲೆ ಮ್ಯಾಲೆ ಸಿಂಬೆ ಐತೆ, ಹೊರೆ ಹೊತ್ತು ಹೊತ್ತು ಕತ್ತಿನ ನರ ಎದ್ದೈತೆ. ನಮ್ಮಜ್ಜಿ ಒಂದು ಕತೆ ಹೇಳೋಳು. ಗುಡಿ ಕಟ್ಟೋವಾಗ ಕಲ್ಲು ಹೊರೋಳೊಬ್ಳು ಇದ್ಲಂತೆ, ಶಿಲ್ಪಿ ಅವಳ ಮುಖಾನೇ ನೋಡಿ ಕಡೆದ್ನಂತೆ. ಕಣ್ಣು ಬಿಡಿಸೋದು ಕೊನೇ ಕೆಲಸ, ಎದುರಿಗೆ ಕನ್ನಡಿ ಹಿಡಿದು ಬಿಡಿಸ್ಬೇಕು. ಮೊದಲ್ನೇ ನೋಟ ತನ್ ಮುಖದ ಮ್ಯಾಲೇ ಬೀಳ್ಬೇಕು. ಬ್ಯಾರೆಯೋರ ಮ್ಯಾಲೆ ಬಿತ್ತೋ, ಅವರ ಕಣ್ಣು ಕಲ್ಲಿಗೆ ಹೋಯ್ತದೆ. ಅವತ್ತು ಕನ್ನಡೀನೂ ಬಂತು, ದೊಡ್ಡೋರೂ ಬಂದ್ರು. ಯಾರೇ ಇವ್ಳು, ಹೊರೆ ಹೊರೋಳು ದೇವರ ಗೋಡೆ ಹತ್ತೋದಾ ಅಂದ್ರು. ಕಣ್ಣು ಬಿಡಿಸ್ಬ್ಯಾಡಿ, ಹೂತಾಕಿ ಅಂದ್ರು. ಶಿಲ್ಪಿಗಳು ವಿಗ್ರಹದ ಕೆಳ್ಗೆ ತಮ್ ಹೆಸ್ರು ಕೊರ್ಕೊಂಡವ್ರೆ, ನೀವು ಓದಿದೋರು ನೋಡಿರ್ತೀರಿ. ಹೊತ್ತೋರ ಹೆಸ್ರು ಎಲ್ಲೈತೆ, ಹುಡುಕ್ರಪ್ಪ ನೋಡಾನ..."

ಮಣ್ಣು ಹೊರುವ ಹೆಂಗಸರಲ್ಲೊಬ್ಬಳು ತನ್ನ ಸಿಂಬೆಯನ್ನು ಮಡಿಲಿಗೆ ಎಳೆದುಕೊಂಡಳು. ಯಶೋಧರಾ ಹೊರಗಿನ ಟಾರ್ಪಾಲಿನತ್ತ ತಿರುಗಿದಳು. ಬೆಳಿಗ್ಗೆ ಆ ಕಲ್ಲಿನ ಎದುರಿಗೆ ಕನ್ನಡಿ ಇರಲಿಲ್ಲ, ತಾನಿದ್ದೆ.

"ನಾನೇನ್ ಬೇಕೂಂತ ಮಾಡ್ಲಿಲ್ಲ. ಮರಕ್ಕೆ ಕಟ್ಟಿದ್ದ ತೊಟ್ಲಲ್ಲಿ ಕೂಸು ಅಳ್ತಿತ್ತು. ಹಾಲು ಕುಡಿಸಿ, ಕಾಡಿಗೆ ಹಚ್ದೆ, ಹರಳೆಣ್ಣೆ ದೀಪದ ಮಸೀಲಿ ನಾನೇ ಮಾಡಿದ್ದು. ಬೆರಳಲ್ಲುಳಿದದ್ದನ್ನ ಏನ್ ಮಾಡ್ತೀವಿ ಹೇಳಿ? ಕೂಸಿನ ಅಂಗಾಲಿಗೆ ಒರೆಸ್ತೀವಿ, ದೃಷ್ಟಿ ಆಗ್ದಿರ್ಲಿ ಅಂತ. ಅವತ್ತು ಕೂಸು ಕಾಲು ಒದರ್ಕೊಳ್ತು, ಪಕ್ಕದಲ್ಲಿ ಈ ಮುಖ ಒರಗಿಸಿದ್ರು, ಪಾಪ ಇವಳಿಗೂ ಇರ್ಲಿ ಅಂತ ಆ ಎರಡು ಉಬ್ಬಿಗೆ ಒರೆಸ್ದೆ... ಅಷ್ಟೇಯ.

"ಹೊತ್ತು ಇಳಿಯೋದ್ರಾಗೆ ಎಡಗಣ್ಣು ಮಂಜಾಯ್ತು. ಆಮ್ಯಾಕೆ ಬಲಗಣ್ಣು. ಕೈಲಿರೋ ಮಂಕರಿ ಕಾಣ್ಲಿಲ್ಲ, ಕೂಸು ಕಾಣ್ಲಿಲ್ಲ. ಬಾಯಿ ಬಡ್ಕೊಂಡೆ. ಬಡ್ಕೊಳ್ತಾ ಬಡ್ಕೊಳ್ತಾ... ಬ್ಯಾರೆ ಏನೋ ಕಾಣ್ತು.

"ಊರು ಕಾಣ್ತಪ್ಪ! ಈ ಊರೇ. ಬೀದಿ ಅಂದ್ರೆ ಎಂಥ ಬೀದಿ, ಎರಡಾನೆ ಎದುರುಬದುರಾದ್ರೂ ಹೂ ಮಾರೋಳು ಬುಟ್ಟಿ ಎತ್ತಂಗಿಲ್ಲ, ಅಷ್ಟಗಲ. ಕೆರೆ ಸುತ್ತ ಮೂರು ಸಾಲು ದೀಪ, ನೀರಲ್ಲಿ ಇನ್ ಮೂರು. ಗುಡಿ ಆಗ ತಾನೇ ಮ್ಯಾಕ್ಕೆ ಏಳ್ತಾ ಐತೆ, ಕಲ್ಲಿನ ಪುಡಿ ಹಿಟ್ಟಿನಂಗೆ ಗಾಳೀಲಿ ಹಾರ್ತೈತೆ, ಸಾವಿರ ಉಳಿ ಒಟ್ಗೆ ಬೀಳೋ ಸದ್ದು... ಈಗ ಈ ಶೀಟಿನ ಮ್ಯಾಲೆ ಬೀಳ್ತಾ ಐತಲ್ಲ ಮಳೆ, ಹಂಗೆ! ನೋಡಿ ನೋಡಿ ನಂಗೆ ಅಳು ಬಂತು. ಕಣ್ಣು ಹೋಯ್ತು ಅಂತ ಅತ್ತೋಳು, ಇದನ್ನ ತೋರ್ಸಿದ್ಯಲ್ಲ ತಾಯಿ ಅಂತ ಅತ್ತೆ.

"ಅಷ್ಟೇ ಅಲ್ಲ. ಕಲ್ಲು ಹೊರೋ ಹೆಂಗಸ್ರು ಸಾಲಾಗಿ ಬರೋರು. ಬಂದು ನನ್ ಎದ್ರಿಗೆ, ಅಂದ್ರೆ ಈ ಕಲ್ಲಿನ ಎದ್ರಿಗೆ ನಿಂತು, ಹೊರೆ ಇಳಿಸಿ, ತಮ್ ತಮ್ ಹೆಸ್ರು ಹೇಳಿ ಹೋಗೋರು. ನಮ್ಮೋಳೊಬ್ಳು ಗೋಡೆ ಹತ್ತುತಾಳೆ, ಅವಳ ಹತ್ರ ಹೇಳಿಟ್ರೆ ಉಳೀತದೆ ಅಂತ. ಬಾಯಿಪಾಠ ಮಾಡ್ದೆ ಕಣ್ರವ್ವ. ಎರಡು ದಿನ ನೂರಾರು ಹೆಸ್ರು ಕೇಳ್ದೆ.

"ಕಂಡಿದ್ದನ್ನ ನನ್ ಗಂಡನಿಗೆ ಮಾತ್ರ ಹೇಳಿದ್ದೆ. ಮೂರನೇ ದಿನ ಅವ್ನು, ಇವ್ಳಿಗೆ ಗಾಳಿ ಮೆಟ್ಟೈತೆ ಅಂತ, ಯಾರಿಗೂ ಹೇಳ್ದಂಗೆ ಆ ಕಲ್ಲನ್ನ ಗಾಡೀಲಿ ಸಾಗ್ಸಿ ಎಲ್ಲೋ ಹೊಲದಲ್ಲಿ ಹೂತಾಕ್ದ. ಬೋರಲಾಗಿ, ಮುಖ ಕೆಳಗ್ಮಾಡಿ. ಎಲ್ಲಿ ಅಂತ ಸಾಯೋತನ್ಕ ಹೇಳ್ಲಿಲ್ಲ. ಕೆಟ್ಟೋನಲ್ಲ ಅವ್ನು, ಹೆದ್ರಿದ್ದ... ಆ ಗಳಿಗೆಯಿಂದ ನಂಗೆ ಏನ್ ಕಾಣ್ತು ಹೇಳಿ?"

ಗಿಡ್ಡಮ್ಮ ಸುಣ್ಣದ ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ನನ್ನ ಕುರುಡಿ ಅಂದ್ರಿ. ಹಾಸನದ ಡಾಕ್ಟ್ರು, ಕಣ್ಣಲ್ಲಿ ಏನೂ ದೋಷ ಇಲ್ಲ ಅಂದ್ರು. ಕುರುಡು ಅಂದ್ರೆ ಕತ್ಲೆ ಕಣ್ರಪ್ಪ. ನಂಗೆ ಕಂಡಿದ್ದು ಮಣ್ಣು. ಐವತ್ತೈದು ವರ್ಷ, ರೆಪ್ಪೆ ಮುಚ್ಚಿದ್ರೂ ಮಣ್ಣು, ತೆಗೆದ್ರೂ ಮಣ್ಣು. ಮಳೆಗಾಲದಲ್ಲಿ ನೀರು ಇಂಗೋದು ಕಾಣೋದು. ರಾಗಿ ಬೇರು ಇಳಿಯೋದು ಕಾಣೋದು. ಎರೆಹುಳ ಕಣ್ಣ ಮ್ಯಾಲೇ ಹರಿಯೋದು. ಮಗನ ಮದುವೇಲಿ ಎಲ್ರೂ ಜೋಡಿ ಚೆಂದ ಐತೆ ಅಂತಿದ್ರು, ನನ್ ಮುಂದೆ ಮಣ್ಣು. ಅವ್ನು ಸತ್ತಾಗ ಮುಖ ಸವರಿದೆ... ಆಗ್ಲೂ ಮಣ್ಣೇಯ. ಆ ಹೆಸ್ರೆಲ್ಲ ಒಂದೊಂದೇ ಮರೆತೋದ್ವು."

"ಅಜ್ಜೀ, ಯಾಕೆ ಬೇರೆ ಯಾರಿಗೂ ಹೇಳ್ಲಿಲ್ಲ?" ಎಂದ ರವಿಕುಮಾರ್.

"ಹೇಳಿದ್ರೆ ಕುರುಡಿ ಜತೆ ಹುಚ್ಚೀನೂ ಮಾಡೋರು ಕಣ್ಲಾ." ಗಿಡ್ಡಮ್ಮ ಎಲೆ ಮಡಿಸುವುದನ್ನು ನಿಲ್ಲಿಸಿದಳು. "ಇವತ್ತು ಬೆಳಿಗ್ಗೆ ಬೇಲೂರಲ್ಲಿ ಮನೆ ಮುಂದೆ ಕೂತಿದ್ದೆ. ಹತ್ತು ಗಂಟೆ ಬಸ್ಸು ಹೋದ್ ಸದ್ದಾಯ್ತು. ಆಗ ಮಣ್ಣು ಅಲ್ಲಾಡ್ತು. ಬೆಳಕು ಬಂತು, ಮಬ್ಬು ಬೆಳಕು. ಒಂದು ಗಂಟೆ ಬಿಟ್ಟು ಆ ಮಬ್ಬೂ ಹರೀತು, ನಿಚ್ಚಳ ಆಯ್ತು. ಒಬ್ಳು ಹೆಣ್ಣುಮಗಳು ಎದ್ರಿಗೆ ಬಗ್ಗವ್ಳೆ. ಬಲಗೆನ್ನೇಲಿ ಮಚ್ಚೆ. ಕೈಲಿ ಕರೀ ಕಡ್ಡಿ. ನಗ್ತಾ ಅವ್ಳೆ. ಹೋಗೋ ಮುಂಚೆ ಒಂದ್ಸಲ ನೋಡ್ಕೊಂಡು ಹೋಗೇ ಅಂದ್ಲು... ಆಮ್ಯಾಕೆ ನೀಲಿ. ಈಗ್ಲೂ ನೀಲಿಯೇ ಕಾಣ್ತಾ ಐತೆ."

ಎಲ್ಲರ ಕಣ್ಣುಗಳೂ ಯಶೋಧರಾಳ ಬಲಗೆನ್ನೆಯ ಮೇಲೆ ನಿಂತವು. ಆಮೇಲೆ ಹೊರಗೆ, ಮಳೆಯಲ್ಲಿ ತೊಯ್ಯುತ್ತಿದ್ದ ನೀಲಿ ಟಾರ್ಪಾಲಿನ ಮೇಲೆ. ದೆವ್ವಗಿವ್ವ ಎಂದರೆ ಕ್ಲಾಸಿನಲ್ಲಿ ಮಕ್ಕಳನ್ನು ಗದರುವ ಮೇಡಂ, ಕೆನ್ನೆಯ ಮಚ್ಚೆಯನ್ನು ಕೈಯಿಂದ ಮುಚ್ಚಿಕೊಂಡಳು. ಕಾಜಲ್ ಪೆನ್ಸಿಲಿನ ಮೇಲೆ ಬರೆದದ್ದು ಅವಳಿಗೆ ನೆನಪಾಯಿತು: ನೀರಿಗೆ ಅಳಿಸುವುದಿಲ್ಲ.

ಮಳೆ ತೆಳ್ಳಗಾಯಿತು. ಜವರಪ್ಪ ಎದ್ದು ಬಾಗಿಲಲ್ಲಿ ನಿಂತ. ಅವನ ದನಿ ಸಣ್ಣದಾಗಿತ್ತು. "ಏನ್ಮಾಡ್ಲಿ ಸಾರ್? ಮಗುಚೋದಾದ್ರೆ ಈಗ್ಲೇ ಮಗುಚಬೇಕು. ಬೆಳಿಗ್ಗೆ ಹೊತ್ಗೆ ಊರೆಲ್ಲ ಗೊತ್ತಾಗ್ತದೆ."

ಯಶೋಧರಾ ಗುಂಡಿಗಳನ್ನು ನೋಡಿದಳು. ಇದು ಹಾಲ್, ಅದು ಅಡುಗೆಮನೆ, ಇಲ್ಲಿ ಬಾಗಿಲು, ಯಾರೂ ಏನೂ ಕೇಳದ ಬಾಗಿಲು. ಐದು ಮನೆಗಳಲ್ಲಿ ನುಂಗಿದ್ದೆಲ್ಲ ನೆನಪಾಯಿತು. ಅವಳಿಗೆ ಅಳುವಷ್ಟು ಆಸೆಯಿತ್ತು ಆ ಮನೆಯ ಮೇಲೆ.

"ಮಗುಚಬೇಡಿ. ಎಬ್ಬಿಸಿ ನಿಲ್ಲಿಸಿ" ಎಂದಳು. "ಗುಡಿ ಕಡೆ ಮುಖ ಮಾಡಿ. ಇಲಾಖೆಗೆ ನಾಳೆ ನಾನೇ ಫೋನ್ ಮಾಡ್ತೀನಿ."

"ಮನೆ?" ಎಂದ ರವಿಕುಮಾರ್.

"ಆದಾಗ ಆಗ್ಲಿ ಕಣ್ರೀ. ಇನ್ನೊಬ್ರ ಮುಖಾನ ಮಣ್ಣಿಗೆ ಒತ್ತಿ ಅದರ ಮೇಲೆ ನಾನು ಒಲೆ ಹಚ್ಚಲ್ಲ."

ಜವರಪ್ಪ ಹಾರೆ ಕೊಟ್ಟು ಕಲ್ಲನ್ನೆಬ್ಬಿಸಿದ, ರವಿಕುಮಾರ್ ಎದುರಿನಿಂದ ತಬ್ಬಿ ಹಿಡಿದು ನೆಟ್ಟಗೆ ನಿಲ್ಲಿಸಿದ. ಟಾರ್ಪಾಲು ಜಾರಿ ಬಿತ್ತು. ಶೆಡ್ಡಿನೊಳಗೆ, ಅವರತ್ತ ಬೆನ್ನು ಮಾಡಿ ಕೂತಿದ್ದ ಗಿಡ್ಡಮ್ಮ ಕಿರುಚಿದಳು.

"ರವೀ! ರವಿ ಅಲ್ವೇನ್ಲಾ ನೀನು? ಅಯ್ಯೋ ನನ್ ಕಂದ, ನಿಮ್ಮಪ್ಪನ್ದೇ ಮೂಗು ಕಣೋ! ಹುಬ್ಬಿನ ಮ್ಯಾಲೆ ಅದೇನ್ಲಾ ಗಾಯ?"

ಅದು ಏಳನೇ ಕ್ಲಾಸಿನಲ್ಲಿ ಸೈಕಲ್ಲಿನಿಂದ ಬಿದ್ದ ಗಾಯ. ರವಿಕುಮಾರ್ ಕಲ್ಲನ್ನು ಹಿಡಿದುಕೊಂಡೇ, ಆ ಕಾಜಲ್ಲಿನ ಕಣ್ಣುಗಳೆದುರು ನಿಂತು ಮಗುವಿನಂತೆ ಅತ್ತುಬಿಟ್ಟ. ಜವರಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದ.

ಸಂಜೆಯಾಯಿತು. ಯಶೋಧರಾ ಅಜ್ಜಿಯ ಕೈ ಹಿಡಿದು ಹೊರಗೆ ತಂದಳು. ದೂರದಲ್ಲಿ ಕೆರೆಯ ಏರಿ ಕಾಣುತ್ತಿತ್ತು.

"ಸದ್ಯ, ಕರೆಂಟ್ ಬಂತು" ಎಂದಳು ಯಶೋಧರಾ. "ಕೆರೆ ಹತ್ರ ಎಲ್ಲ ದೀಪ ಹತ್ತಿದೆ."

ರವಿಕುಮಾರ್ ತಿರುಗಿ ನೋಡಿದ. ಕೆರೆಯ ಕಡೆ ಒಂದು ಬೆಳಕೂ ಇರಲಿಲ್ಲ. ಊರು ಪೂರ್ತಿ ಕತ್ತಲಲ್ಲಿತ್ತು.

ಗಿಡ್ಡಮ್ಮನ ಬೆರಳುಗಳು ಯಶೋಧರಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು. "ಎಷ್ಟು ಸಾಲು ಕಾಣ್ತೈತೆ ಮಗಾ?"

ಯಶೋಧರಾ ಬಲಗಣ್ಣು ಮುಚ್ಚಿದಳು. ಮಂಜಾದ ಎಡಗಣ್ಣಿನಲ್ಲೇ ದೀಪಗಳು ಇನ್ನೂ ನಿಚ್ಚಳವಾಗಿ ಉರಿಯುತ್ತಿದ್ದವು.

"ಮೂರು" ಎಂದಳು. "ನೀರಲ್ಲಿ ಇನ್ನೂ ಮೂರು."

"ನಂಗೂ ಅಷ್ಟೇ." ಮುದುಕಿ ಅವಳ ಕೈ ಬಿಡಲಿಲ್ಲ. "ಹೆದರ್ಬ್ಯಾಡ. ಇನ್ನೇನು ಕಲ್ಲು ಹೊರೋರು ಬತ್ತಾರೆ. ಒಬ್ಬೊಬ್ರೇ ನಿನ್ ಮುಂದೆ ನಿಂತು ಹೆಸ್ರು ಹೇಳ್ತಾರೆ. ಚೀಲದಲ್ಲಿ ಪುಸ್ತಕ ಐತಾ, ಪೆನ್ ಐತಾ? ತಕ್ಕೊ... ನಂಗೆ ಬರೆಯೋಕೆ ಬತ್ತಿರ್ಲಿಲ್ಲ ಕಣವ್ವ."