ಗದ್ದ ಎದೆಗೆ ಮುಟ್ಟಲಿಲ್ಲ

ನಮ್ಮ ದೊಡ್ಡಮ್ಮನ ಮಗ, ಬಸ್ ಕಂಡಕ್ಟರ್. ಅವನಿಗೇ ಆದದ್ದು ಇದು.

ಅವನ ಹೆಂಡತಿಗೆ ಮೂರು ವಾರದಿಂದ ತಲೆನೋವು, ಬಿಟ್ಟೂ ಬಿಡದ ಜ್ವರ, ವಾಂತಿ. ಆಮೇಲೆ ಸುಮ್ಮನೆ ಮಂಪರು. ಮಗಳನ್ನು ನೋಡಿ "ಯಾರೇ ನೀನು?" ಅಂದಳು. ಗಾಳಿ ಸೋಕಿದೆ ಅಂತ ಓಣಿಯವರೆಲ್ಲ ಗುಸುಗುಸು.

ಅವತ್ತು ಕೊನೇ ಬಸ್ಸು ಡಿಪೋಗೆ ಬಿಟ್ಟು ಹಳೇ ಬಾವಿ ಪಕ್ಕದಲ್ಲಿ ಬರ್ತಿದ್ದ. ಸರ್‌ರ್‌... ಅಂತ ಹಗ್ಗ ಜಾರಿದ ಸದ್ದು. ಆಳದಲ್ಲಿ ದುಡುಂ... ಕೊಡ ನೀರಿಗೆ ಬಿತ್ತು. ಕಟ್ಟೆಗೆ ಒರಗಿ ಯಾರೋ ಹೆಂಗಸು. ಬೆನ್ನು ಮಾತ್ರ ಕಾಣ್ತಿತ್ತು.

"ಅವಳ ತಲೆ ಎತ್ತಿ ನೋಡು," ಪಿಸುದನಿ. "ಗದ್ದ ಎದೆಗೆ ಮುಟ್ಟುತ್ತಾ ನೋಡು."

"ಯಾರಮ್ಮಾ ನೀವು?"

"ನನಗೂ ಮುಟ್ಟಲಿಲ್ಲ... ಬೆಳಗಾಗಲಿ ಅಂತ ಕಾದರು."

ಅವನು ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದ. ಹೆಂಡತಿಯ ತಲೆ ಕೆಳಗೆ ಕೈ ಕೊಟ್ಟು ಎತ್ತಿದ. ಕುತ್ತಿಗೆ ಬಗ್ಗಲಿಲ್ಲ. ಮರದ ಹಲಗೆ ಎತ್ತಿದ ಹಾಗೆ ಭುಜವೂ ಜೊತೆಗೇ ಎದ್ದು ಬಂತು.

"ಬೆಳಗಾಗಲಿ ಕಣೋ," ಅಂದಳು ಅವನ ಅಕ್ಕ.

ಬಾವಿಕಟ್ಟೆಯ ಹೆಂಗಸು ಅಂದಿದ್ದ ಮಾತೇ ಅದು. "ಇಲ್ಲಕ್ಕಾ, ಈಗಲೇ," ಅಂದವನೇ ಆಟೋ ತಂದ.

ಆಸ್ಪತ್ರೆಯ ಡಾಕ್ಟರಮ್ಮ ಕುತ್ತಿಗೆ ಮುಟ್ಟಿ ನೋಡಿ, ತಲೆಯ ಸ್ಕ್ಯಾನ್ ಮಾಡಿಸಿ, ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು.

"ಟಿಬಿ ಮೆದುಳಿನ ಪೊರೆಗೆ ಹತ್ತಿರೋ ಹಾಗಿದೆ. ಪೂರ್ತಿ ರಿಪೋರ್ಟ್ ಬರೋದು ತಡ. ಕಾದರೆ ಕೈಮೀರುತ್ತೆ, ಔಷಧಿ ಈಗಲೇ ಶುರು ಮಾಡ್ತೀನಿ. ಹುಷಾರಾದ್ಲು ಅಂತ ಮಧ್ಯೆ ಬಿಡಬಾರದು. ವರ್ಷ ಪೂರ್ತಿ ನುಂಗಬೇಕು."

ಅವನು ಮಂಚದ ಕಾಲ ಬಳಿಯೇ ಕೂತ. ಮೂಗಿನ ನಳಿಗೆಯಲ್ಲಿ ಗಂಜಿ, ಪುಡಿ ಮಾಡಿದ ಮಾತ್ರೆ. ಎಷ್ಟೋ ದಿನ ಅವಳು ಕಣ್ಣು ಬಿಟ್ಟರೂ ಯಾರನ್ನೂ ನೋಡಲಿಲ್ಲ. ಒಂದು ಮಧ್ಯಾಹ್ನ ಅವನ ಕಡೆ ತಿರುಗಿ, "ಊಟ ಆಯ್ತಾ?" ಅಂದಳು. ಅವನು ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತ.

ವರ್ಷ ಪೂರ್ತಿ ಮಾತ್ರೆ ತಪ್ಪಿಸಲಿಲ್ಲ. ಅವಳು ಉಳಿದಳು. ಎಡಗಿವಿ ಮಾತ್ರ ಹೋಯಿತು. ಪಕ್ಕದಲ್ಲಿ ತಟ್ಟೆ ಬಿದ್ದರೂ ಆ ಕಿವಿಗೆ ಕೇಳಲ್ಲ.

ಬಾವಿಯ ಸಂಗತಿ ಅವನು ಅವಳಿಗೆ ಇವತ್ತಿಗೂ ಹೇಳಿಲ್ಲ. ಈಗ ಅವಳು ರಾತ್ರಿ ಒಳ್ಳೇ ಕಿವಿಯನ್ನು ದಿಂಬಿಗೆ ಒತ್ತಿ ಮಲಗ್ತಾಳೆ. ನಡುರಾತ್ರಿ ಮೆಲ್ಲಗೆ, "ಹೂಂ... ಹೂಂ..." ಅಂತಾಳೆ.

"ಯಾರಿಗೆ ಹೂಂಗುಟ್ತಿದೀಯಾ?" ಅಂತ ಒಂದ್ಸಲ ಅಲುಗಾಡಿಸಿ ಕೇಳಿದ.

"ಇಷ್ಟು ಹೊತ್ತು ಮಾತಾಡಿದ್ದು ನೀವಲ್ವಾ?"

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಅವನು ಬಾಯೇ ತೆರೆದಿರಲಿಲ್ಲ.