ವೀರಗಲ್ಲಿಗೆ ಕಟ್ಟಿದ ಹಗ್ಗ

ನಮ್ಮ ದೊಡ್ಡಪ್ಪನ ಮಗ ಪಾಲಾಕ್ಷ ಬಿರುಗಾಳಿಯಲ್ಲಿ ಕೊಡೆ ಬಿಚ್ಚಿ ಹಿಡಿದು, ಅಂಗೈ ಅಗಲದ ಕಬ್ಬಿಣದ ತೊಲೆ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಡೆದವನು. ನಡುವೆ ನಿಂತು ಬೀಡಿ ಬೇರೆ ಹಚ್ಚಿದ. ಕಣ್ಣಾರೆ ಕಂಡವರು ಐದಾರು ಜನ ಇದ್ದರು. ಈಗ ಒಬ್ಬರೂ ಇಲ್ಲ, ಹಾಗಾಗಿ ನನ್ನ ಮಾತೇ ಮಾತು.

ಅಂಥವನೂ ಒಂದು ರಾತ್ರಿ ನಡುಗಿದ.

ಜರ್ಮನಿ ಯುದ್ಧದ ಕಾಲ. ಗೊರೂರಿನಿಂದ ಮೇಲಕ್ಕೆ, ಹೊಳೆ ದಂಡೆಯಲ್ಲೊಂದು ಅಕ್ಕಿ ಗಿರಣಿ. ತುಕ್ಕು ಹಿಡಿದ ತಗಡು ತೆಗೆದು ಹೊಸದು ಹೊದಿಸುವ ಕೆಲಸ. ಪಾಲಾಕ್ಷ ಮೇಸ್ತ್ರಿ, ಅವನ ಹೆಂಡತಿ ರೇವಮ್ಮನ ತಮ್ಮ ಷಡಕ್ಷರಿ ಕೈಯಾಳು. ತಗಡು ಬಿಚ್ಚಿದ ಸೂರು ಬಲು ಹಗುರ. ಅರ್ಧ ಹೊದಿಸಿದಾಗ ಕೆಳಗಿನಿಂದ ಗಾಳಿ ನುಗ್ಗಿತೋ, ತೊಲೆ ಸಮೇತ ಎತ್ತಿ ಎಸೆಯುತ್ತದೆ. ಅದಕ್ಕೇ ತೊಲೆಯಿಂದ ತೊಲೆಗೆ ಅಡ್ಡಪಟ್ಟಿ ಬಿಗಿದು, ತುದಿಗಳಿಗೆ ತೆಂಗಿನ ನಾರಿನ ಹಗ್ಗ ಹಾಕಿ ನೆಲದ ಗೂಟಕ್ಕೆ ಜಗ್ಗಿ ಕಟ್ಟಿದ್ದರು. ಪಡುವಣ ಮೂಲೆಯಲ್ಲಿ ಮಾತ್ರ ಮಣ್ಣು ಸಡಿಲ, ಗೂಟ ನಿಲ್ಲಲಿಲ್ಲ. ಅಲ್ಲೊಂದು ಹಳೇ ವೀರಗಲ್ಲು ಆಳಕ್ಕೆ ಹೂತು ನಿಂತಿತ್ತು. ಪಾಲಾಕ್ಷ ಹಗ್ಗ ಅದಕ್ಕೇ ಸುತ್ತಿದ.

"ವೀರನ ಕೊರಳಿಗೇ ಬಿಗೀತೀಯಲ್ಲಾ ಭಾವ!" ಅಂದ ಷಡಕ್ಷರಿ.

"ಸತ್ತು ಯಾವ ಕಾಲ ಆಯ್ತೋ. ಉಸ್ರು ಕಟ್ಟಾಕಿಲ್ಲ, ಬುಡ್ಲಾ."

ಬೆಳಗ್ಗೆ ನೋಡಿದರೆ ಹಗ್ಗ ಬಿಚ್ಚಿತ್ತು. ಹರಿದಿರಲಿಲ್ಲ... ಗಂಟು ಬಿಚ್ಚಿ, ಸಿಂಬಿ ಸುತ್ತಿ ಕಲ್ಲಿನ ಬುಡದಲ್ಲಿ ಇಟ್ಟಿತ್ತು. ಮಾರನೇ ದಿನವೂ ಹಾಗೇ.

ಪಾಲಾಕ್ಷನ ಕಣ್ಣು ಬಾಮೈದನ ಮೇಲೆ ಬಿತ್ತು. ಆ ಗಂಟು ಬಲ್ಲವನು ಇನ್ನೊಬ್ಬನೆಂದರೆ ಅವನೇ. "ಒಂದು ತೊಲೆ ಎದ್ರೂ ನಿನ್ ಮೇಸ್ತ್ರಿಗಿರಿ ಮುಗೀತು" ಅಂತ ಗಿರಣಿ ಯಜಮಾನ ಪಂಚಾಕ್ಷರಯ್ಯ ಮೊದಲೇ ಅಂದಿದ್ದ. ಮುಗಿದರೆ ಮೇಸ್ತ್ರಿ ಆಗುವವನು ಯಾರು? ಷಡಕ್ಷರಿ! ಪಾಲಾಕ್ಷನಿಗೆ ಮುದ್ದೆ ಇಳಿಯಲಿಲ್ಲ. ಕೈಗೆ ಸಿಗಲಿ, ರೇವಮ್ಮ ಎಷ್ಟು ಅತ್ತರೂ ಸರಿ, ಇನ್ನು ಹೊಸಿಲು ತುಳಿಸಬಾರದು ಅಂದುಕೊಂಡ.

ಅವತ್ತು ಸಂಜೆ ಇನ್ನೂ ಬಿಗಿಯಾಗಿ ಕಟ್ಟಿ, ಮನೆಗೆ ಹೋದ ಹಾಗೆ ಮಾಡಿ, ಸರಿರಾತ್ರಿಗೆ ಹಾಳುಬಾವಿ ಬಳಸಿ ಒಬ್ಬನೇ ವಾಪಸು ಬಂದ. ಬಾವಿಯೊಳಗೆ ಕಪ್ಪೆ 'ಗುಳುಂ' ಅಂತು. ಆಮೇಲೆ ಸದ್ದಿಲ್ಲ... ಹೊಟ್ಟಿನ ರಾಶಿ ಹಿಂದೆ ಅವಿತುಕೊಳ್ಳಲು ಹೋದರೆ, ಅಲ್ಲಿ ಆಗಲೇ ಯಾರೋ ಕೂತಿದ್ದಾರೆ! ಹಾರಿ ಕುತ್ತಿಗೆ ಹಿಡಿದ.

"ಸಿಕ್ಕಾಕ್ಕೊಂಡ್ಯಾ ಷಡಕ್ಷರಿ! ಬಿಚ್ಚಕ್ ಬಂದಿದ್ಯಾ?"

"ಬಿಚ್ತಿರೋನು ನೀನು ಭಾವ! ತಪ್ಪು ನನ್ ಮ್ಯಾಲಾಕಿ ನನ್ನ ಓಡ್ಸಕ್ಕೆ. ಅದ್ಕೇ ಕಾಯ್ತಾ ಕುಂತಿವ್ನಿ!"

ಇವನ ಕೈ ಅವನ ಕುತ್ತಿಗೆಯಲ್ಲಿ, ಅವನ ಕೈ ಇವನ ಅಂಗಿಯಲ್ಲಿ. ಆಗ ಕಲ್ಲಿನ ಕಡೆಯಿಂದ... ಸರ್ರ್... ಸರ್ರ್...

ನಾಲ್ಕು ಕೈಯೂ ಇಲ್ಲೇ ಇವೆ. ಅಲ್ಲಿ ಗಂಟು ಬಿಚ್ಚಿಕೊಳ್ತಿದೆ.

"ಭಾವ..."

"ಸುಮ್ಕಿರು."

ಅಷ್ಟರಲ್ಲಿ ಹೊಳೆ ಕಡೆಯಿಂದ ಗಾಳಿ ಎದ್ದಿತು. ತಗಡು ದಡದಡ ಬಡಿಯಿತು. ತೊಲೆ 'ಕಿರ್ರ್' ಅಂತ ಗೋಡೆ ಬಿಟ್ಟು ಮೇಲೇರಿತು. ಇಬ್ಬರೂ ಜಗಳ ಮರೆತು ಓಡಿ ಹಗ್ಗಕ್ಕೆ ಜೋತುಬಿದ್ದರು. ಮುಂದೆ ಷಡಕ್ಷರಿ, ಹಿಂದೆ ಪಾಲಾಕ್ಷ. ಭಾರ ಸಾಲಲಿಲ್ಲ. ಕಾಲು ನೆಲ ಬಿಟ್ಟವು... ಹೋಯ್ತು ಅನ್ನುವಾಗ ಪಾಲಾಕ್ಷನ ಬೆನ್ನ ಹಿಂದೆ ಹಗ್ಗ ಬಿಗಿಯಿತು. ಯಾರೋ ಜಗ್ಗಿದರು. ತೊಲೆ 'ಧೊಪ್' ಅಂತ ಗೋಡೆ ಮೇಲೆ ಕೂತಿತು.

"ಇಂದ್ಗಡೆ ಯಾರು ಭಾವ?"

"ತಿರುಗ್ಬ್ಯಾಡ."

ಕೋಳಿ ಕೂಗೋ ಹೊತ್ತಿಗೆ ಗಾಳಿ ನಿಂತಿತು. ಹಿಂದಿನ ತುದಿ ಪಟಕ್ಕನೆ ನೆಲಕ್ಕೆ ಬಿತ್ತು. ತಿರುಗಿದರೆ ಯಾರೂ ಇಲ್ಲ, ಕಲ್ಲು ಮಾತ್ರ. ಪಾಲಾಕ್ಷ ಬಾಮೈದನ ಹೆಗಲ ಮೇಲೆ ಕೈ ಹಾಕಿದ. ಆಮೇಲೆ ಷಡಕ್ಷರಿಯೇ ಬೆರಳು ಮಾಡಿ ತೋರಿಸಿದ. ಕೆತ್ತಿದ ವೀರನ ಮುಷ್ಟಿಯೊಳಗೆ, ಸೂಜಿಯೂ ತೂರದ ಕಡೆ, ತೆಂಗಿನ ನಾರು ಕಚ್ಚಿಕೊಂಡಿತ್ತು.

ನಡೆದದ್ದು ಕಣ್ರೋ, ಆಣೆ! ಹೋದ ಯುಗಾದಿಗೆ ನಾನೇ ಹೋಗಿ ಎಳೆದು ನೋಡಿದೆ, ಆ ನಾರು ಬರಲಿಲ್ಲ.

"ಓದ ಯುಗಾದಿಗಾ?" ಅಂದಳು ಪಕ್ಕದ ಮನೆ ಶಾಂತಕುಮಾರಿ. "ಆ ಜಾಗ ಗೊರೂರು ಡ್ಯಾಮ್ ನೀರಲ್ಲಿ ಮುಳುಗಿ ಎಷ್ಟ್ ವರ್ಷ ಆಯ್ತು ತಾತ?"

ಭುಜ ಹಾರಿಸಿದೆ. "ಅದ್ಕೇ ಕಣವ್ವ, ನಾರು ನೆಂದು ಇನ್ನೂ ಬಿಗಿಯಾಗಿತ್ತು."